ಇಂಗ್ಲಿಷಿನ ನಿಶ್ಚಯಾರ್ಥಕ ಕ್ರಿಯಾವಿಶೇಷಣಗಳು: ಒಂದು ಚಾರಿತ್ರಿಕ ವಿವೇಚನೆ

1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನ ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ, ದೇವರು ಮೋಶೆಯೊಡನೆ ತಾನು ಒಗಟುಗಳಿಂದಲ್ಲದೆ ಸಮ್ಮುಖದಲ್ಲಿಯೇ ಮಾತನಾಡುವುದಾಗಿ ಹೇಳುವ ಪ್ರಸಂಗವೊಂದುಂಟು. ಆ ಮಾತಿಗೆ ಭಾಷಾಂತರಕಾರರು ಬಳಸಿರುವ ಕ್ರಿಯಾವಿಶೇಷಣವು ‘ಅಪ್ಯಾರೆಂಟ್ಲಿ’ ಎಂಬುದು. ಇಂದಿನ ವಿದ್ಯಾರ್ಥಿಯು ಈ ಪದವನ್ನು ತಾನು ಬಲ್ಲ ಅರ್ಥದಲ್ಲಿಯೇ ಗ್ರಹಿಸಿದನಾದರೆ, ದೇವರು ಮೋಶೆಯೊಡನೆ ಮಾತನಾಡುವಂತೆ ತೋರುತ್ತದೆ, ಅಷ್ಟೆ, ಎಂಬ ವಿಪರೀತಾರ್ಥವು ಒದಗುತ್ತದೆ. ಮೂಲದ ಅಭಿಪ್ರಾಯವಾದರೋ ‘ಪ್ರತ್ಯಕ್ಷವಾಗಿ’, ‘ವಿಶದವಾಗಿ’ ಎಂದು. 1885ರ ಪರಿಷ್ಕೃತ ಬೈಬಲಿನ ಪಂಡಿತರು ಈ ಅಪಾಯವನ್ನು ಮನಗಂಡು ಅಲ್ಲಿ ‘ಮ್ಯಾನಿಫೆಸ್ಟ್‌ಲಿ’ ಎಂದು ತಿದ್ದಿದರು. 1952ರ ಅಮೆರಿಕದ ಪರಿಷ್ಕರಣದಲ್ಲಿ ಅದು ‘ಕ್ಲಿಯರ್ಲಿ’ ಎಂದಾಯಿತು.

ಒಂದೇ ಪದವು ನಿಶ್ಚಯದಿಂದ ಸಂಶಯಕ್ಕೆ ಇಳಿದುದು ಹೇಗೆ? ಈ ಪದದ ಮೂಲವು ‘ತೋರು’ ಎಂಬ ಅರ್ಥದ ಲ್ಯಾಟಿನ್ ಧಾತುವಾಗಿದೆ. ನಮ್ಮ ‘ತೋರು’ ಧಾತುವನ್ನೇ ಪರಿಶೀಲಿಸಿದರೆ ವಿಷಯವು ವಿಶದವಾದೀತು. ‘ದೂರದಲ್ಲಿ ಗೋಪುರ ತೋರಿತು’ ಎಂದಾಗ ಗೋಪುರವು ಇದ್ದೇ ಇದೆ. ‘ಮಳೆ ಬರುವಂತೆ ತೋರುತ್ತದೆ’ ಎಂಬಲ್ಲಿ ಮಳೆಯ ಮಾತು ಊಹೆ ಮಾತ್ರ. ‘ತೋರಿಕೆಯ ಭಕ್ತಿ’ ಎಂದರಂತೂ ಭಕ್ತಿಯೇ ಇಲ್ಲ. ಕಣ್ಣಿಗೆ ಕಂಡದ್ದು ಪ್ರಮಾಣವೂ ಹೌದು, ಭ್ರಮೆಯೂ ಆಗಬಹುದು. ಈ ಇಬ್ಬಗೆಯು ಧಾತುವಿನಲ್ಲಿಯೇ ಅಡಗಿದೆ. ಡಾ. ಜಾನ್ಸನನ 1755ರ ನಿಘಂಟು ‘ಅಪ್ಯಾರೆಂಟ್ಲಿ’ ಪದಕ್ಕೆ ಸ್ಪಷ್ಟವಾಗಿ, ಬಹಿರಂಗವಾಗಿ ಎಂಬ ಅರ್ಥವನ್ನೇ ಕೊಡುತ್ತದೆ. ತೋರಿಕೆಯ ಅರ್ಥವಾದರೂ ಅದಕ್ಕೆ ಬಹುಮುಂಚೆಯೇ ಬಳಕೆಗೆ ಬಂದಿದ್ದಿತು. ಎರಡು ಅರ್ಥಗಳೂ ಜೊತೆಯಾಗಿ ಬಾಳಿದ ಕಾಲವದು. ಈಸ್ಟ್ ಇಂಡಿಯಾ ಕಂಪೆನಿಯ 17 ಮತ್ತು 18ನೆಯ ಶತಮಾನಗಳ ಕಾಗದಪತ್ರಗಳನ್ನು ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ರಚಿಸುವ ನಮ್ಮ ಸಂಶೋಧಕರು ಇದನ್ನು ಮರೆಯತಕ್ಕದ್ದಲ್ಲ. ಬರೆದವನು ಖಚಿತವಾಗಿ ಕಂಡು ಹೇಳಿದುದನ್ನು ನಾವು ಅವನ ಊಹೆಯೆಂದು ಬಗೆದರೆ ಸಾಕ್ಷ್ಯದ ತೂಕವೇ ತಲೆಕೆಳಗಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಪ್ರಾಚೀನ ಇಂಗ್ಲಿಷಿನಲ್ಲಿ ಸತ್ಯವನ್ನು ಹೇಳುವ ಮುಖ್ಯ ಪದವು ‘ಸೂತ್’ ಎಂಬುದು. ಇದು ಸಂಸ್ಕೃತದ ‘ಸತ್’, ‘ಸತ್ಯ’ಗಳ ಜ್ಞಾತಿಪದವೆಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವಾದ ಸಂಗತಿ. ಇದರಿಂದ ಹುಟ್ಟಿದ ‘ಫಾರ್‌ಸೂತ್’ ಎಂಬುದು ಮೊದಲು ‘ಸತ್ಯವಾಗಿಯೂ’ ಎಂಬ ಗಂಭೀರಾರ್ಥವನ್ನೇ ಹೊಂದಿದ್ದು, ಬರಬರುತ್ತಾ ಅಣಕದ ಮಾತಾಯಿತು. ನಾವು ‘ಮಹಾಪಂಡಿತನಂತೆ, ಪಾಪ!’ ಎನ್ನುವಾಗಿನ ಧ್ವನಿಯೇ ಅಲ್ಲಿಯೂ ಉಂಟು. ‘ಇವಿಸ್’ ಎಂಬ ಇನ್ನೊಂದು ಪದದ ಗತಿ ಮತ್ತೂ ವಿಚಿತ್ರವಾದುದು. ಜರ್ಮನ್ ಭಾಷೆಯ ‘ಗೆವಿಸ್’ ಪದದೊಡನೆ ಸಂಬಂಧವುಳ್ಳ ಇದಕ್ಕೆ ‘ನಿಶ್ಚಯವಾಗಿ’ ಎಂದಷ್ಟೇ ಅರ್ಥ. ಇದರ ಮೊದಲಕ್ಷರವನ್ನು ಬಿಡಿಸಿ ಬರೆಯುವ ರೂಢಿಯಿಂದಾಗಿ, ಮುಂದಿನವರು ಅದನ್ನು ‘ನಾನು’ ಎಂಬ ಸರ್ವನಾಮವೆಂದು ಭ್ರಮಿಸಿ, ಉಳಿದುದನ್ನು ‘ಬಲ್ಲೆ’ ಎಂಬ ಕ್ರಿಯಾಪದವೆಂದು ಎಣಿಸಿದರು. 1842ರಲ್ಲಿ ಪ್ರಾಚೀನ ರೋಮಿನ ಲಾವಣಿಗಳನ್ನು ಪ್ರಕಟಿಸಿದ ಮೆಕಾಲೆಯೂ ಇದನ್ನು ಹೀಗೆಯೇ ಬಿಡಿಸಿ ಬಳಸಿದ್ದಾನೆ. ನಮ್ಮ ದೇಶಕ್ಕೆ ಇಂಗ್ಲಿಷ್ ವಿದ್ಯೆಯೇ ಬೇಕೆಂದು 1835ರಲ್ಲಿ ವಾದಿಸಿದವನು ಇವನೇ ಎಂಬುದನ್ನು ನೆನೆದರೆ ಸ್ವಲ್ಪ ನಗೆಯುಂಟಾಗದಿರದು.

ಫ್ರೆಂಚ್ ಮತ್ತು ಲ್ಯಾಟಿನ್ ಮೂಲಗಳಿಂದ ಬಂದ ಪದಗಳು ಈ ದೇಶ್ಯಪದಗಳ ಸ್ಥಾನವನ್ನು ಆಕ್ರಮಿಸಿದುವು. ‘ಸರ್ಟನ್’ ಎಂಬುದರ ಮೂಲಧಾತುವಿಗೆ ಜರಡಿಯಾಡಿ ಬೇರ್ಪಡಿಸು ಎಂದರ್ಥ. ನಮ್ಮ ‘ಖಂಡಿತ’ವೂ ಕಡಿದು ಬೇರ್ಪಡಿಸಿದುದೇ ಅಲ್ಲವೆ? ‘ಷೂರ್’ ಎಂಬುದು ‘ಚಿಂತೆಯಿಲ್ಲದ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದರಿಂದ, ಅಲ್ಲಿ ನಿಶ್ಚಿಂತೆಯೇ ನಿಶ್ಚಯವಾಗಿ ಪರಿಣಮಿಸಿದೆ ಎನ್ನಬಹುದು. ‘ಆಬ್ವಿಯಸ್’ ಎಂದರೆ ದಾರಿಯಲ್ಲಿ ಎದುರಾದದ್ದು. ಕವಿ ಮಿಲ್ಟನ್ ಇದನ್ನು ಈ ಮೂಲಾರ್ಥದ ನೆನಪಿನಲ್ಲಿಯೇ ಪ್ರಯೋಗಿಸಿರುವುದುಂಟು. ‘ಆಫ್ ಕೋರ್ಸ್’ ಎಂಬ ನುಡಿಗಟ್ಟಿನಲ್ಲಿ ಓಟ ಅಥವಾ ಹರಿವು ಎಂಬ ಭಾವವಿದೆ. ಲಂಡನ್ನಿನ ಚಾನ್ಸೆರಿ ಕಚೇರಿಯಲ್ಲಿ, ವಿಶೇಷ ವಿಚಾರಣೆಯಿಲ್ಲದೆ ವಾಡಿಕೆಯ ಮೇರೆಗೆ ಹೊರಡುತ್ತಿದ್ದ ಆಜ್ಞಾಪತ್ರಗಳಿಗೆ ಈ ವಿಶೇಷಣವೇ ಸಲ್ಲುತ್ತಿದ್ದಿತು. ಅವನ್ನು ಬರೆಯುತ್ತಿದ್ದ ಗುಮಾಸ್ತರು ‘ಕರ್ಸಿಟರ್’ ಎನಿಸಿಕೊಂಡರು. ಆ ಹೆಸರಿನ ಬೀದಿಯು ಅಲ್ಲಿ ಈಗಲೂ ಇದೆ. ವಾದಿಸಬೇಕಾದ ಅಗತ್ಯವಿಲ್ಲದ್ದು, ತಾನಾಗಿ ನಡೆದುಹೋಗುವಂಥದು ಎಂಬುದೇ ಇಲ್ಲಿಯ ತಿರುಳು.

ವಾಕ್ಯರಚನೆಯಲ್ಲಿಯೂ ಪಲ್ಲಟವಾಯಿತು. ‘ಸ್ಪಷ್ಟವಾಗಿ ಮಾತನಾಡಿದನು’ ಎಂಬುದು ಮಾತಿನ ರೀತಿಯನ್ನು ತಿಳಿಸುತ್ತದೆ. ‘ಮಾತನಾಡಿದನೆಂಬುದು ಸ್ಪಷ್ಟ’ ಎಂಬುದು ಹೇಳುವವನ ತೀರ್ಮಾನವನ್ನು. ಇಂಗ್ಲಿಷಿನಲ್ಲಿ ಒಂದೇ ಪದವು ಸ್ಥಾನಭೇದದಿಂದ ಎರಡು ಕೆಲಸವನ್ನೂ ಮಾಡುತ್ತದೆ. ಸಿಡ್ನಿ ಗ್ರೀನ್‌ಬಾಮ್ 1969ರ ತನ್ನ ಗ್ರಂಥದಲ್ಲಿ ಈ ಭೇದವನ್ನು ಪರೀಕ್ಷಿಸಿ ವಿವರಿಸಿದ್ದಾನೆ. ತೋರಿಲ್ ಸ್ವಾನ್ 1988ರಲ್ಲಿ ಇದರ ಚರಿತ್ರೆಯನ್ನು ಬರೆದಿದ್ದಾಳೆ.

ಈ ಪದಗಳ ಬಲ ಕುಂದಿದುದಕ್ಕೆ ಜನರ ಅಜಾಗರೂಕತೆಯೇ ಕಾರಣವೆಂದು ದೂರುವುದು ನಮಗೆ ಸಮಂಜಸವಾಗಿ ಕಾಣದು. ಮಳೆಯಲ್ಲಿ ನೆನೆಯುತ್ತಿರುವವನು ‘ಮಳೆ ಬರುತ್ತಿದೆ’ ಎಂದಾನೇ ಹೊರತು ‘ನಿಸ್ಸಂದೇಹವಾಗಿ ಮಳೆ ಬರುತ್ತಿದೆ’ ಎನ್ನುವುದಿಲ್ಲ. ಎದುರಿನವನು ಒಪ್ಪಲಾರನೇನೋ ಎಂಬ ಶಂಕೆಯಿದ್ದಲ್ಲಿಯೇ ನಿಶ್ಚಯದ ಪದಕ್ಕೆ ಕೆಲಸ. ಆ ಶಂಕೆಯು ಕಾಲಕ್ರಮದಲ್ಲಿ ಪದದೊಳಕ್ಕೇ ಸೇರಿಕೊಳ್ಳುತ್ತದೆ. ‘ಡೌಟ್‌ಲೆಸ್’ ಎಂಬುದು ಹೆಸರಿಗೆ ಸಂದೇಹರಹಿತವಾದರೂ ಇಂದು ಹೆಚ್ಚಾಗಿ ‘ಇದ್ದೀತು’ ಎಂಬಷ್ಟನ್ನೇ ಹೇಳುವುದು, ಎದುರಾಳಿಯ ಮಾತನ್ನು ಅರೆಮನಸ್ಸಿನಿಂದ ಒಪ್ಪಿ ಮುಂದೆ ‘ಆದರೆ’ ಎನ್ನಲು ಹಾದಿ ಮಾಡಿಕೊಡುವುದು ಇದರಿಂದಲೇ.

ನಮ್ಮ ತರಗತಿಗಳಲ್ಲಿ ಇವೆಲ್ಲಕ್ಕೂ ‘ಖಂಡಿತವಾಗಿ’ ಎಂಬ ಒಂದೇ ಪರ್ಯಾಯವನ್ನು ಬರೆಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ‘ಷೂರ್ಲಿ’ ಎಂಬುದರಲ್ಲಿ ಇದು ವಿಶೇಷವಾಗಿ ತಪ್ಪುದಾರಿಗೆಳೆಯುತ್ತದೆ. ಅದು ಬಹುವೇಳೆ ಕೇಳುವವನ ಒಪ್ಪಿಗೆಯನ್ನು ಬೇಡುವ ಪದ. ಅದಕ್ಕೆ ಕನ್ನಡದಲ್ಲಿ ಕ್ರಿಯಾವಿಶೇಷಣವೇ ಬೇಕಿಲ್ಲ, ‘ನಿಮಗೆ ನೆನಪಿದೆಯಲ್ಲವೆ?’ ಎಂಬಲ್ಲಿಯ ‘ಅಲ್ಲವೆ’ ಸಾಕು. ಬರಿಯ ಒತ್ತು ಬೇಕಾದಲ್ಲಿ ‘ಅವನೇ ಬಂದನು’ ಎಂಬುದರ ಅವಧಾರಣೆಯ ಏಕಾರವುಂಟು.