ಸಭಿಕರು ಎರಡು ಸಾವಿರ, ಭಾಷಣಕಾರನೇ ಇಲ್ಲ: ಟೋಕಿಯೊದಲ್ಲಿ ಎನ್.ಎಸ್. ಹರ್ಷ ಚಿತ್ರಲೋಕ

ಮೈಸೂರಿನ ಚಿತ್ರಕಲಾವಿದ ಎನ್.ಎಸ್. ಹರ್ಷ ಅವರ ಏಕವ್ಯಕ್ತಿ ಕಲಾಪ್ರದರ್ಶನ ‘ಚಾರ್ಮಿಂಗ್ ಜರ್ನಿ’ ಜಪಾನಿನ ರಾಜಧಾನಿ ಟೋಕಿಯೊದ ಮೋರಿ ಕಲಾ ಸಂಗ್ರಹಾಲಯದಲ್ಲಿ 2017ರ ಫೆಬ್ರುವರಿ 4ರಿಂದ ಜೂನ್ 11ರವರೆಗೆ ಜರುಗಿತು. ರೊಪ್ಪೊಂಗಿಯ ಗಗನಚುಂಬಿ ಕಟ್ಟಡವೊಂದರ 53ನೇ ಮಹಡಿಯಲ್ಲಿ ನಮ್ಮ ಕಡೆಯ ಪಂಕ್ತಿಭೋಜನ, ಬಾಳೆಲೆ, ಸಭೆಯ ಪ್ಲಾಸ್ಟಿಕ್ ಕುರ್ಚಿಗಳು ಗೋಡೆಗೇರಿದ್ದು ವಿಶೇಷವೇ ಸರಿ.

1969ರಲ್ಲಿ ಜನಿಸಿದ ಹರ್ಷ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯಲ್ಲಿ (ಕಾವಾ) ಪದವಿ ಹಾಗೂ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಮರಳಿ ಮೈಸೂರಿನಲ್ಲೇ ನೆಲೆಸಿದವರು. 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿಗೆ ಭಾಜನರಾದರು. ಅದರ ಮೊತ್ತ 40 ಸಾವಿರ ಪೌಂಡ್.

ಹರ್ಷ ಅವರ ಕೃತಿಗಳಲ್ಲಿ ವಾಸ್ತವ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸುವುದು ಕಷ್ಟ. ‘ಕಮ್ ಗಿವ್ ಅಸ್ ಎ ಸ್ಪೀಚ್’ (2008) ಎಂಬ ಆರು ಫಲಕಗಳ ಬೃಹತ್ ಚಿತ್ರವನ್ನೇ ನೋಡಿ. ಸಾಲುಸಾಲು ಕುರ್ಚಿಗಳಲ್ಲಿ ಎರಡು ಸಾವಿರಕ್ಕೂ ಅಧಿಕ ಮಂದಿ ಆಸೀನರಾಗಿದ್ದಾರೆ. ದೂರದಿಂದ ಅದೊಂದು ವಿನ್ಯಾಸದಂತೆ ತೋರುತ್ತದೆ. ಸಮೀಪಿಸಿದರೆ ಒಬ್ಬೊಬ್ಬರದೂ ಬೇರೆ ಮುಖ, ಬೇರೆ ಉಡುಪು, ಬೇರೆ ಭಂಗಿ. ಬೀದಿಯಲ್ಲಿ ದಿನವೂ ಕಾಣುವವರ ಪಕ್ಕದಲ್ಲೇ ಕಥೆಯೊಳಗಿಂದ ಎದ್ದು ಬಂದವರೂ ಕುಳಿತಿದ್ದಾರೆ. ಪತ್ರಿಕಾ ವರದಿಗಳಲ್ಲಿ ‘ಅಪಾರ ಜನಸ್ತೋಮ’ ಎಂಬ ಎರಡೇ ಪದಗಳಲ್ಲಿ ಮುಗಿದುಹೋಗುವ ಜನರಿವರು. (ಆ ಪದಗಳನ್ನು ಬರೆದವರಲ್ಲಿ ನಾವೂ ಸೇರಿದ್ದೇವೆ.) ಇಷ್ಟಕ್ಕೂ ಭಾಷಣಕಾರ ಚಿತ್ರದಲ್ಲಿಲ್ಲ. ಸಭಿಕರ ದೃಷ್ಟಿಯೆಲ್ಲ ಎದುರಿಗೆ. ಅಂದರೆ ‘ಬಂದು ನಮಗೊಂದು ಭಾಷಣ ಮಾಡಿ’ ಎಂಬ ಆಹ್ವಾನ ಚಿತ್ರದ ಮುಂದೆ ನಿಂತವರಿಗೇ. ನೋಡಲು ಬಂದವನು ತಾನೇ ನೋಟಕ್ಕೆ ಗುರಿಯಾಗುತ್ತಾನೆ. ಕಲಾವಿದರು 1999ರಿಂದ 2001ರ ಅವಧಿಯಲ್ಲಿ ರಚಿಸಿದ, ಬರುವ, ಉಣ್ಣುವ, ಮಲಗುವ ಜನರ ಮೂರು ಫಲಕಗಳ ಚಿತ್ರದಲ್ಲಿ ಈ ಶೈಲಿ ಮೊದಲೇ ಕಾಣಿಸಿಕೊಂಡಿತ್ತು.

‘ನೇಷನ್ಸ್’ ಚಿತ್ರವಲ್ಲ, ಪ್ರತಿಷ್ಠಾಪನಾ ಕಲಾಕೃತಿ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಗಳು, ಅವುಗಳ ಮೇಲೆ ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳ ಧ್ವಜಗಳು, ಒಂದಕ್ಕೊಂದು ಸಿಕ್ಕುಬಿದ್ದ ನೂಲು. ಯಂತ್ರ ವಾಸ್ತವ, ನೂಲೂ ವಾಸ್ತವ. ರಾಷ್ಟ್ರದ ಗಡಿಯಾದರೋ ಕಾಗದದ ಮೇಲೆ ಮನುಷ್ಯ ಕಲ್ಪಿಸಿಕೊಂಡ ರೇಖೆ; ಆದರೂ ಜನರು ಪ್ರಾಣ ತೆರುವುದು ಆ ರೇಖೆಗಾಗಿ.

ಪ್ರದರ್ಶನದಲ್ಲಿದ್ದ ‘ಪುನರಪಿ ಜನನಂ ಪುನರಪಿ ಮರಣಂ’ (2013) ಸುಮಾರು 24 ಮೀಟರ್ ಉದ್ದದ ಕ್ಯಾನ್ವಾಸ್. 2014ರ ಡಿಸೆಂಬರ್‌ನಲ್ಲಿ ಆರಂಭವಾದ ಕೊಚ್ಚಿ ಬಿನಾಲೆಯಲ್ಲೂ ಇದು ಪ್ರದರ್ಶಿತವಾಗಿತ್ತು. ದೂರದಿಂದ ನೋಡಿದರೆ ಕುಂಚದ ಒಂದೇ ಎಳೆತ ಸುರುಳಿ ಸುತ್ತಿಕೊಂಡಂತೆ ಕಾಣುತ್ತದೆ. ಬಳಿಸಾರಿದರೆ ಆ ಎಳೆತದ ತುಂಬ ನಕ್ಷತ್ರಗಳು, ಗ್ರಹಗಳು.