ಪಂಪಿನ ಪಕ್ಕ ಒಂದು ಗಾಳಿ ಡಬ್ಬ

ಅಮ್ಮ ಸಂಜೆ ಆರರ ಮೇಲೆ ನೀರು ಕುಡಿಯೋದೇ ಬಿಟ್ಟಿದ್ದಾಳೆ ಅನ್ನೋದು ನನಗೆ ಗೊತ್ತಾಗಿದ್ದು ಪ್ರವಾಸದ ಮೂರನೇ ದಿನ. ಅಪ್ಪ ಅಮ್ಮ ಸಾಗರದ ಹತ್ತಿರದ ನಮ್ಮೂರಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ರು. ಗೆಳೆಯನೊಬ್ಬನ ಜೊತೆ ಸೇರಿ ಕೊಂಡಿದ್ದ ಹಳೇ ಆರ್‌ವಿಯಲ್ಲಿ, ಅಂದರೆ ಮನೆಯನ್ನೇ ಹೊತ್ತು ಓಡುವ ವ್ಯಾನಿನಲ್ಲಿ, ಅವರನ್ನ ಗ್ರ್ಯಾಂಡ್ ಕ್ಯಾನಿಯನ್ ಕಡೆ ಕರ್ಕೊಂಡು ಹೊರಟಿದ್ದೆ. ಅದರಲ್ಲಿ ಅಡುಗೆ ಮನೆ ಇದೆ, ಹಾಸಿಗೆ ಇದೆ, ಪುಟ್ಟ ಬಚ್ಚಲೂ ಇದೆ. ಆದರೆ ಯಾವ ನಲ್ಲಿ ತಿರುಗಿಸಿದರೂ ಸೀಟಿನ ಕೆಳಗಿನ ಪಂಪು ಟರ್ರ್ ಅಂತ ಎದ್ದೇಳುತ್ತೆ. ನಲ್ಲಿ ಸಣ್ಣಗೆ ಬಿಟ್ಟರೆ ಇನ್ನೂ ಕಷ್ಟ. ಟರ್ರ್, ನಿಲ್ಲು, ಟರ್ರ್, ನಿಲ್ಲು. ಪಂಪಿನ ಮೇಲೇ ಮಲಗುವ ನನ್ನ ಮಗಳು ಎದ್ದು ಅಳೋಳು.

"ಮಗು ಎದ್ಬಿಡ್ತದೆ ಅಪ್ಪಿ, ಅದಕ್ಕೇ ನಾ ರಾತ್ರಿ ಬಚ್ಚಲಿಗೆ ಹೋಗೋದಿಲ್ಲ" ಅಂದಳು ಅಮ್ಮ. ಅರವತ್ತೈದು ದಾಟಿದ, ಸಕ್ಕರೆ ಕಾಯಿಲೆ ಇರೋ ಹೆಂಗಸು ಮರುಭೂಮಿಯ ಬಿಸಿಲಲ್ಲಿ ನೀರು ಕುಡಿಯದೆ ಕೂತಿದ್ದಾಳೆ, ನನ್ನ ಪಂಪಿನ ಗಲಾಟೆಗೆ ಹೆದರಿ! ಅವತ್ತು ಹುಡುಕೋಕೆ ಶುರು ಮಾಡಿದ್ದು. ಸಿಕ್ಕ ಪರಿಹಾರ ಫುಟ್‌ಬಾಲಿಗಿಂತ ಸ್ವಲ್ಪ ದೊಡ್ಡದಾದ ಒಂದು ಉಕ್ಕಿನ ಡಬ್ಬ, ಹೆಸರು ಪ್ರೆಶರ್ ಟ್ಯಾಂಕ್. ಒಳಗೆ ಒಂದು ರಬ್ಬರ್ ಪರದೆ, ಪರದೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಇಷ್ಟು ಸರಳವಾದದ್ದನ್ನ ಕಂಡುಹಿಡಿದವರು ಯಾರು ಅಂತ ಕೆದಕುತ್ತಾ ಹೋದರೆ ಕಥೆ ಎರಡು ಸಾವಿರ ವರ್ಷ ಹಿಂದಕ್ಕೆ, ಒಬ್ಬ ಕ್ಷೌರಿಕನ ಅಂಗಡಿಗೆ ಹೋಯ್ತು.

ಈಜಿಪ್ಟಿನ ಅಲೆಕ್ಸಾಂಡ್ರಿಯಾ, ಕ್ರಿಸ್ತಪೂರ್ವ 3ನೇ ಶತಮಾನ. ಕ್ಟೆಸಿಬಿಯಸ್ ಅನ್ನೋ ಹುಡುಗ. ಅಪ್ಪನ ಅಂಗಡಿಯ ಕನ್ನಡಿಯನ್ನ ಸುಲಭವಾಗಿ ಮೇಲೆ ಕೆಳಗೆ ಮಾಡಲಿಕ್ಕೆ ಅಂತ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಗೆ ಸೀಸದ ಗುಂಡು ಕಟ್ಟಿ ಕೊಳವೆಯೊಳಗೆ ಇಳಿಬಿಟ್ಟಿದ್ದನಂತೆ. ಗುಂಡು ಇಳಿಯುವಾಗ ಕೊಳವೆಯೊಳಗಿನ ಗಾಳಿ ಒತ್ತಿಕೊಂಡು ಹೊರಬಿದ್ದು ಸದ್ದು ಮಾಡ್ತಿತ್ತು. ಗಾಳಿಯೂ ಒಂದು ವಸ್ತು, ಅದನ್ನ ಅದುಮಬಹುದು ಅನ್ನೋದು ಅವನಿಗೆ ಹೊಳೆದದ್ದು ಅಲ್ಲಿ ಅಂತ ರೋಮಿನ ವಿಟ್ರುವಿಯಸ್ ಬರೆದಿದ್ದಾನೆ. ಕ್ಟೆಸಿಬಿಯಸ್ಸನ ಸ್ವಂತ ಪುಸ್ತಕಗಳು ಒಂದೂ ಉಳಿದಿಲ್ಲ.

ನೀರನ್ನ ಒತ್ತಿ ಮೇಲಕ್ಕೆ ಕಳಿಸುವ ಪಂಪಿನ ಕೀರ್ತಿ ಇವನದ್ದೇ. ಎರಡು ಕಂಚಿನ ಸಿಲಿಂಡರು, ಒಂದು ಹೀರುವಾಗ ಇನ್ನೊಂದು ಒತ್ತುತ್ತೆ, ನೀರು ವಾಪಸ್ ಬರದ ಹಾಗೆ ಕವಾಟಗಳು. ನನಗೆ ಅದಕ್ಕಿಂತ ಇಷ್ಟವಾಗಿದ್ದು ಅವನ ಇನ್ನೊಂದು ಯಂತ್ರ, ನೀರಿನ ಆರ್ಗನ್. ತಿದಿ ಒತ್ತಿದಾಗ ಗಾಳಿ ಭರ್ರನೆ ಬರುತ್ತೆ, ಬಿಟ್ಟಾಗ ನಿಲ್ಲುತ್ತೆ. ಹಾಗೆ ಬಂದರೆ ಸಂಗೀತ ಹೇಗೆ ನುಡಿಸೋದು? ಅವನು ಗಾಳಿಯನ್ನ ನೀರಿನಲ್ಲಿ ಬೋರಲು ಮುಳುಗಿಸಿದ ಒಂದು ಪಾತ್ರೆಯೊಳಕ್ಕೆ ತುಂಬಿದ. ಸುತ್ತಲಿನ ನೀರಿನ ಭಾರ ಆ ಗಾಳಿಯನ್ನ ಒಂದೇ ಸಮನೆ ಒತ್ತುತ್ತಾ ಇರುತ್ತೆ, ಕೊಳಲುಗಳಿಗೆ ಹೋಗುವ ಗಾಳಿ ಕಡಿಯೋದಿಲ್ಲ. ಅಂದರೆ ಗಾಳಿಯ ಕುಲುಕಾಟ ನಿಲ್ಲಿಸೋಕೆ ನೀರನ್ನ ಬಳಸಿದ. ನನ್ನ ಆರ್‌ವಿಯ ಡಬ್ಬದಲ್ಲಿ ಇದೇ ಲೆಕ್ಕ ತಿರುಗಾಮುರುಗಾ ಆಗಿದೆ, ನೀರಿನ ಕುಲುಕಾಟ ನಿಲ್ಲಿಸೋಕೆ ಗಾಳಿ.

ಆ ತಿರುಗಾಮುರುಗಾ ಜನಕ್ಕೆ ಮುಖ್ಯ ಅನ್ನಿಸಿದ್ದು ಬೆಂಕಿ ಬಿದ್ದಾಗ. ಹಳೇ ಬೆಂಕಿ ಆರಿಸುವ ಪಂಪುಗಳ ದೊಡ್ಡ ರೋಗ ಅಂದ್ರೆ ನೀರು ಉಗುಳಿ ಉಗುಳಿ ಬರೋದು. ಹಿಡಿ ಒತ್ತಿದಾಗ ಧಾರೆ ಮಾಡಿಗೆ ಮುಟ್ಟುತ್ತೆ, ಎತ್ತುವಾಗ ಧಾರೆ ಸತ್ತು ಕಾಲಬುಡಕ್ಕೇ ಬೀಳುತ್ತೆ. ಅರ್ಧ ನೀರು ರಸ್ತೆಗೆ. 17ನೇ ಶತಮಾನದ ಕೊನೆಯ ಹೊತ್ತಿಗೆ ಪಂಪಿಗೂ ಧಾರೆಗೂ ಮಧ್ಯೆ ಒಂದು ಮುಚ್ಚಿದ ಪಾತ್ರೆ ಇಡುವ ವಿಚಾರ ಯುರೋಪಿನಲ್ಲಿ ಓಡಾಡ್ತಾ ಇತ್ತು. ಅದನ್ನ ಚೆನ್ನಾಗಿ ಮಾರಾಟ ಮಾಡಿದವನು ಲಂಡನ್ನಿನ ರಿಚರ್ಡ್ ನ್ಯೂಶಮ್. ಅವನ ಮೂಲ ಕಸುಬು ಮುತ್ತಿನ ಗುಂಡಿ ಮಾಡೋದು, ಅಂಗಿಗೆ ಹಾಕ್ತೀವಲ್ಲ ಅದೇ ಗುಂಡಿ. 1721ರಲ್ಲಿ ಒಂದು, 1725ರಲ್ಲಿ ಇನ್ನೊಂದು ಪೇಟೆಂಟ್ ತಗೊಂಡ. ಎರಡೂ ಬದಿಗೆ ಜನ ನಿಂತು ಉದ್ದನೆಯ ಹಿಡಿಗಳನ್ನ ಒತ್ತಬೇಕು. ನಡುವಿನ ಪಾತ್ರೆಯೊಳಗಿನ ಗಾಳಿ ಒತ್ತಿಕೊಂಡು ಕೂತಿರುತ್ತೆ, ಹಿಡಿ ತಿರುವು ತಗೊಳ್ಳೋ ಆ ಗಳಿಗೆಯಲ್ಲಿ ಅದು ಹಿಗ್ಗಿ ನೀರನ್ನ ತಳ್ಳುತ್ತೆ. ಧಾರೆ ಕಡಿಯಲ್ಲ. ನ್ಯೂಯಾರ್ಕ್ ನಗರ 1731ರಲ್ಲಿ ಇಂಥ ಎರಡು ಯಂತ್ರಗಳನ್ನ ಹಡಗಿನಲ್ಲಿ ತರಿಸಿಕೊಳ್ತು.

ಇದನ್ನ ಓದುವಾಗ ನಾನು ಕೂತಲ್ಲೇ ನಕ್ಕುಬಿಟ್ಟೆ. ಯಾಕಂದ್ರೆ ಈ ಯಂತ್ರದ ಹಿಡಿಯನ್ನ ನಾನೇ ಜಗ್ಗಿದ್ದೀನಿ! ಮಳೆಗಾಲ ಹಿಡಿಯೋ ಮುಂಚೆ ಅಡಿಕೆಗೆ ಕೊಳೆ ಮದ್ದು ಹೊಡೆಯೋದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಡ್ರಮ್ಮಿನಲ್ಲಿ ಮೈಲುತುತ್ತ, ಸುಣ್ಣ ಕದಡಿದ ನೀಲಿ ಬೋರ್ಡೋ. ಮರದ ಮೇಲೆ ಕೊನೆಗೌಡ. ಕೆಳಗೆ ಗಟಾರ್ ಪಂಪಿನ ಉದ್ದ ಹಿಡಿಯನ್ನ ಹಿಂದೆ ಮುಂದೆ ಜಗ್ಗೋಕೆ ನಾವು ಮನೆ ಹುಡುಗರು. ಪಂಪಿನ ಮೇಲೆ ನೆಟ್ಟಗೆ ನಿಂತ ಒಂದು ಉರುಟು ಕೊಳವೆ ಇರ್ತಿತ್ತು. ಅದು ಯಾಕೆ ಅಂತ ಕೇಳಿದವನಲ್ಲ, ಅದರ ಮೇಲೆ ಟವಲ್ ನೇತುಹಾಕಿದ್ದೇ ಬಂತು. ಅದೇ ಗಾಳಿ ಡಬ್ಬ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು, ಬೋರ್ಡೋ ಹೊಡೆಯೋ ಪದ್ಧತಿಗೆ ದಾರಿ ಮಾಡಿದರು. ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದು ನಮ್ಮ ತೋಟಕ್ಕೆ ಬಂದ ಕಥೆ ಎಲ್ಲರೂ ಹೇಳ್ತಾರೆ. ಲಂಡನ್ನಿನ ಬೆಂಕಿ ಪಂಪಿನ ಡಬ್ಬವೂ ಬಂದು ನಮ್ಮ ಟವಲ್ ಹೊತ್ತುಕೊಂಡಿದ್ದನ್ನ ಯಾರೂ ಹೇಳಿರಲಿಲ್ಲ.

ಡಬ್ಬ ಇನ್ನೂ ಎಲ್ಲೆಲ್ಲೋ ಹೋಯ್ತು. ಡರ್ಬಿಯ ಗಡಿಯಾರ ಮಾಡುವ ಜಾನ್ ವೈಟ್‌ಹರ್ಸ್ಟ್ 1772ರಲ್ಲಿ, ಹರಿಯೋ ನೀರನ್ನ ತಟ್ಟನೆ ನಿಲ್ಲಿಸಿದಾಗ ಕೊಳವೆಗೆ ಬೀಳೋ ಪೆಟ್ಟನ್ನೇ ಹಿಡಿದು ನೀರು ಮೇಲೇರಿಸಿದ. ಬಿಸಿಗಾಳಿ ಬಲೂನಿನ ಮೊಂಗೋಲ್ಫಿಯೆ 1796ರಲ್ಲಿ ಅದನ್ನ ತಾನೇ ತಾನಾಗಿ ನಡೆಯುವ ಹೈಡ್ರಾಲಿಕ್ ರ್‍ಯಾಮ್ ಮಾಡಿದ. ಎರಡರಲ್ಲೂ ಆ ಪೆಟ್ಟನ್ನ ನುಂಗಿ ಮೆಲ್ಲಗೆ ವಾಪಸ್ ಕೊಡೋದು ಗಾಳಿ ಪಾತ್ರೆಯೇ. ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನಲ್ಲಿ 1852ರಲ್ಲಿ, ಬಾಗಿಲು ಮತ್ತು ಕ್ರೇನು ನಡೆಸೋಕೆ ಬೇಕಾದ ಒತ್ತಡಕ್ಕಾಗಿ ಸುಮಾರು 94 ಮೀಟರ್ ಎತ್ತರದ ಇಟ್ಟಿಗೆ ಗೋಪುರ ಕಟ್ಟಿ ಅದರ ಮೇಲ್ಭಾಗದಲ್ಲಿ ನೀರಿನ ತೊಟ್ಟಿ ಇಟ್ಟರು. ಅದೇ ಹೊತ್ತಿಗೆ ವಿಲಿಯಂ ಆರ್ಮ್‌ಸ್ಟ್ರಾಂಗ್‌ಗೆ ನ್ಯೂ ಹಾಲೆಂಡ್ ಅನ್ನೋ ಜಾಗದಲ್ಲಿ ಮರಳು ನೆಲ ಸಿಕ್ತು, ಗೋಪುರ ನಿಲ್ಲೋ ಹಾಗಿಲ್ಲ. ಸಿಲಿಂಡರಿನ ಮೇಲೆ ದೊಡ್ಡ ಭಾರ ಹೇರಿ ನೀರನ್ನ ಒತ್ತಿಟ್ಟ. ಅದಕ್ಕೆ ಅಕ್ಯುಮುಲೇಟರ್ ಅಂತ ಹೆಸರಾಯ್ತು. ಆರ್‌ವಿ ಸಾಮಾನಿನ ಅಂಗಡಿಯಲ್ಲಿ ಇವತ್ತಿಗೂ ಡಬ್ಬದ ಮೇಲೆ ಆ ಹೆಸರೇ ಇರುತ್ತೆ.

ಇನ್ನು ಆರ್‌ವಿ. 1910ರಲ್ಲಿ ಪಿಯರ್ಸ್-ಆ್ಯರೋ ಕಂಪನಿ ತೋರಿಸಿದ ಟೂರಿಂಗ್ ಲ್ಯಾಂಡೋ ಕಾರಿನಲ್ಲಿ ಡ್ರೈವರ್ ಸೀಟಿನ ಬೆನ್ನಿಂದ ಮಡಚಿ ತೆಗೆಯುವ ಸಿಂಕ್ ಇತ್ತು, ಮೂತ್ರಕ್ಕೊಂದು ಪಾತ್ರೆ ಇತ್ತು. (ಅಮ್ಮನ ಸಮಸ್ಯೆ ಹೊಸದೇನಲ್ಲ.) ಆಮೇಲಿನ ಟ್ರೇಲರುಗಳಲ್ಲಿ ಕೈಪಂಪು. 1950-60ರ ದಶಕದ ಎಷ್ಟೋ ಗಾಡಿಗಳಲ್ಲಿ ನೀರಿನ ಟ್ಯಾಂಕಿಗೇ ಸೈಕಲ್ ಪಂಪಿನಿಂದಲೋ ಕಂಪ್ರೆಸರಿನಿಂದಲೋ ಗಾಳಿ ಹೊಡೆದು ಇಡ್ತಿದ್ರು, ನಲ್ಲಿ ಬಿಟ್ಟರೆ ನೀರು ತಾನೇ ಬರೋದು, ಸದ್ದಿಲ್ಲ. ಗಟ್ಟಿ ಲೋಹದ ಟ್ಯಾಂಕೇ ಬೇಕು ಅನ್ನೋದು ಅದರ ತೊಂದರೆ. ಆಮೇಲೆ 12 ವೋಲ್ಟಿನ ಪುಟ್ಟ ಡಯಾಫ್ರಾಮ್ ಪಂಪು ಬಂತು, ಅದರ ತಲೆಯಲ್ಲೇ ಒತ್ತಡದ ಸ್ವಿಚ್. ಟ್ಯಾಂಕು ಹಗುರ ಪ್ಲಾಸ್ಟಿಕ್ ಆಯ್ತು. ಸದ್ದು ಮಾತ್ರ ಒಳಗೆ ಬಂತು.

ನನ್ನ ಪಂಪಿನ ಸ್ವಿಚ್ಚು 35 ಪಿಎಸ್‌ಐಗೆ ಶುರುಮಾಡಿ 55ಕ್ಕೆ ನಿಲ್ಲಿಸುತ್ತೆ. ನೀರನ್ನ ಅದುಮೋಕೆ ಆಗಲ್ಲ, ಹಾಗಾಗಿ ಬರೀ ಕೊಳವೆಯಲ್ಲಿ 35ಕ್ಕೂ 55ಕ್ಕೂ ಮಧ್ಯೆ ಇರೋ ನೀರು ಕೆಲವೇ ಚಮಚ. ಹಲ್ಲುಜ್ಜೋಕೆ ನಲ್ಲಿ ಸಣ್ಣಗೆ ಬಿಟ್ಟರೂ ಅಷ್ಟು ನೀರು ಹೋದ ತಕ್ಷಣ ಪಂಪು ಏಳುತ್ತೆ, ಮರುಕ್ಷಣ 55 ಮುಟ್ಟಿ ನಿಲ್ಲುತ್ತೆ. ಆ ಟರ್ರ್-ನಿಲ್ಲು ಇದೇ. ಪಂಪಿನ ನಂತರದ ತಣ್ಣೀರಿನ ಕೊಳವೆಗೆ ಒಂದು ಟೀ ಹಾಕಿ 8 ಲೀಟರಿನ ಡಬ್ಬ ಸೇರಿಸಿದೆ. ಒಂದು ಮಧ್ಯಾಹ್ನದ ಕೆಲಸ.

ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ನೋಡ್ತಾ ಇದ್ರು. "ಗಾಳಿ ಎಷ್ಟು ಹಾಕ್ದೆ?" ಅಂತ ಕೇಳಿದ್ರು. "ಕಂಪನಿಯವರೇ 40 ಹಾಕಿ ಕಳ್ಸಿದಾರೆ" ಅಂದೆ. ಅವರು ಸುಮ್ಮನಾದ್ರು.

ಸಂಜೆ ಅಮ್ಮ ಪಾತ್ರೆ ತೊಳೆಯುವಾಗ "ನಲ್ಲಿಗೆ ಬಿಕ್ಕಳಿಕೆ ಬಂದದೆ ನೋಡು" ಅಂದಳು. ನೀರು ಚೆನ್ನಾಗಿ ಬರುತ್ತೆ, ಇದ್ದಕ್ಕಿದ್ದಂತೆ ಸತ್ತೇ ಹೋಗುತ್ತೆ, ಪಂಪು ಎದ್ದ ಮೇಲೆ ವಾಪಸ್ ಬರುತ್ತೆ. ಬಿಇ ಓದಿದವನಿಗೆ ಆಮೇಲೆ ಹೊಳೀತು. ಒತ್ತಡ 40ಕ್ಕೆ ಇಳಿಯೋ ಹೊತ್ತಿಗೇ ಡಬ್ಬದ ನೀರು ಖಾಲಿ, ಪಂಪು ಕಾಯ್ತಾ ಇರೋದು 35ಕ್ಕೆ. ಆ ಸಂದಿಯಲ್ಲೇ ಬಿಕ್ಕಳಿಕೆ. ಗಾಳಿ ಯಾವಾಗಲೂ ಪಂಪು ಶುರುವಾಗೋ ಒತ್ತಡಕ್ಕಿಂತ ಒಂದೆರಡು ಪಿಎಸ್‌ಐ ಕಮ್ಮಿ ಇರಬೇಕು. ಪಂಪು ಆಫ್ ಮಾಡಿ, ನಲ್ಲಿ ಬಿಟ್ಟು ನೀರಿನ ಒತ್ತಡ ಪೂರ್ತಿ ಇಳಿಸಿ, ಆಮೇಲೆ ಟೈರಿನ ಗೇಜ್ ಇಟ್ಟು 33ಕ್ಕೆ ತಂದೆ. ನೀರಿನ ಒತ್ತಡ ಇದ್ದಾಗ ಅಳೆದರೆ ಗೇಜು ತೋರಿಸೋದು ನೀರಿನ ಒತ್ತಡವನ್ನೇ, ಎಷ್ಟೋ ಜನ ಮೋಸ ಹೋಗೋದು ಅಲ್ಲೇ.

ರಾಬರ್ಟ್ ಬಾಯ್ಲ್ 1662ರಲ್ಲಿ ಕೊಟ್ಟ ನಿಯಮದಿಂದ ಲೆಕ್ಕ ಹಾಕಿದರೆ, ಗಾಳಿ 33 ಇದ್ದಾಗ 55ರಿಂದ 35ಕ್ಕೆ ಇಳಿಯೋದರೊಳಗೆ ಡಬ್ಬ ಸುಮಾರು 2.2 ಲೀಟರ್ ನೀರು ಕೊಡುತ್ತೆ. ಗಾಳಿ ತುಂಬದೇ ಹಾಗೇ ಖಾಲಿ ಡಬ್ಬ ಜೋಡಿಸಿದ್ದರೆ ಇದೇ 8 ಲೀಟರಿನದ್ದು ಮುಕ್ಕಾಲು ಲೀಟರೂ ಕೊಡಲ್ಲ. ಡಬ್ಬ ದೊಡ್ಡದಿದ್ದರೆ ಸಾಲದು ಅನ್ನೋದಕ್ಕೆ ಇದನ್ನ ಹೇಳಿದೆ. ಹಳೇ ಕಾಲದ ಡಬ್ಬಗಳಲ್ಲಿ ಗಾಳಿಗೂ ನೀರಿಗೂ ಮಧ್ಯೆ ಪರದೆ ಇರಲಿಲ್ಲ, ಗಾಳಿ ಮೆಲ್ಲಗೆ ನೀರಲ್ಲಿ ಕರಗಿ ಡಬ್ಬದ ತುಂಬ ನೀರೇ ಆಗಿಬಿಡ್ತಿತ್ತು. ರಬ್ಬರ್ ಪರದೆ ಆ ಕಾಟ ತಪ್ಪಿಸಿತು.

ಮಲಗೋ ಮುಂಚೆ ನಲ್ಲಿ ಬಿಟ್ಟು ಪಂಪನ್ನ ಒಮ್ಮೆ ಎಬ್ಬಿಸಿ, 55 ಮುಟ್ಟಿ ನಿಂತ ಮೇಲೆ ಸ್ವಿಚ್ ಆಫ್ ಮಾಡ್ತೀನಿ. ಬೆಳಗಿನತನಕ ಎರಡೂವರೆ ಲೀಟರ್ ನೀರು ಸದ್ದಿಲ್ಲದೆ ಸಿಗುತ್ತೆ. ಆರ್‌ವಿಯ ಕಕ್ಕಸಿಗೆ ಎರಡು ಸಲ ಸಾಕು. ಮೊದಲ ರಾತ್ರಿ ಅಮ್ಮ ಎದ್ದಿದ್ದು ನನಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಅವಳೇ ಹೇಳಿದಳು, ಎರಡು ಸಲ ಎದ್ದೆ ಅಂತ, ದೊಡ್ಡ ಸಾಹಸ ಮಾಡಿದವಳ ಹಾಗೆ.

ಇದರಲ್ಲಿ ಒಂದು ಎಳೆ ಬಿಟ್ಟುಹೋಗಿದೆ. ಲಂಡನ್ನಿನ ಹತ್ತಿರದ ಟೆಡಿಂಗ್ಟನ್‌ನಲ್ಲಿ ಸ್ಟೀಫನ್ ಹೇಲ್ಸ್ ಅನ್ನೋ ಪಾದ್ರಿ ಇದ್ದ. ಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಸೇರಿಸಿ ರಕ್ತ ಎಷ್ಟು ಎತ್ತರಕ್ಕೆ ಏರುತ್ತೆ ಅಂತ ನೋಡಿದವನು ಅವನು, ಎಂಟು ಅಡಿಯ ಮೇಲೆ ಏರಿತ್ತು. 1733ರ ತನ್ನ ಪುಸ್ತಕದಲ್ಲಿ ಅವನು ಒಂದು ಹೋಲಿಕೆ ಕೊಟ್ಟ. ಹೃದಯ ಬಿಟ್ಟು ಬಿಟ್ಟು ಹೊಡೆಯೋ ಪಂಪು, ಆದರೂ ರಕ್ತ ನಿಲ್ಲದೆ ಹರಿಯುತ್ತೆ, ಯಾಕಂದ್ರೆ ದೊಡ್ಡ ರಕ್ತನಾಳಗಳು ಬೆಂಕಿ ಪಂಪಿನ ಗಾಳಿ ಪಾತ್ರೆಯ ಹಾಗೆ ಹಿಗ್ಗಿ ಕುಗ್ಗುತ್ತವೆ ಅಂತ. ಜರ್ಮನ್ ಅನುವಾದದಲ್ಲಿ ಆ ಪಾತ್ರೆ ವಿಂಡ್‌ಕೆಸೆಲ್ ಆಯ್ತು. 1899ರಲ್ಲಿ ಓಟೋ ಫ್ರಾಂಕ್ ಅದಕ್ಕೆ ಗಣಿತ ಬರೆದ. ವೈದ್ಯಕೀಯ ಓದುವವರು ಇವತ್ತಿಗೂ ಆ ಪದವನ್ನೇ ಓದ್ತಾರೆ.

ಅಪ್ಪನ ಬಿಪಿ ಮೇಲಿನದು 168, ಕೆಳಗಿನದು 70. ಇಷ್ಟು ಅಂತರ ಯಾಕೆ ಅಂತ ಊರಿನ ಡಾಕ್ಟರನ್ನ ಕೇಳಿದ್ದೆ, ವಯಸ್ಸಾದಂತೆ ರಕ್ತನಾಳ ಗಡುಸಾಗುತ್ತೆ ಅಂದಿದ್ರು. ಆಗ ತಲೆಯಾಡಿಸಿದ್ದೆ ಅಷ್ಟೇ. ಹೇಲ್ಸ್ ಓದಿದ ಮೇಲೆ ಅರ್ಥ ಆಯ್ತು: ಡಬ್ಬ ಹಿಗ್ಗುತ್ತಿಲ್ಲ, ಹಾಗಾಗಿ ಒತ್ತಿದಾಗ ಜಾಸ್ತಿ ಏರುತ್ತೆ, ಬಿಟ್ಟಾಗ ಜಾಸ್ತಿ ಇಳಿಯುತ್ತೆ. ಇದಕ್ಕೆ ಗೇಜ್ ಇಟ್ಟು ಗಾಳಿ ಹಾಕೋಕೆ ಬರಲ್ಲ. ಮಾತ್ರೆ ಇದೆ, ಬೆಳಿಗ್ಗೆ ಒಂದು. ಪ್ರವಾಸದಲ್ಲಿ ಅಪ್ಪ ಅದನ್ನ ಎರಡು ದಿನ ನುಂಗಿರಲಿಲ್ಲ, ಮೂತ್ರ ಜಾಸ್ತಿ ಆಗುತ್ತೆ, ರಾತ್ರಿ ಪಂಪು ಸದ್ದು ಮಾಡುತ್ತೆ ಅಂತ. ಅದನ್ನೂ ಹೇಳಿದವಳು ಅಮ್ಮನೇ, ಊರಿಗೆ ವಾಪಸ್ ಹೋದಮೇಲೆ, ಫೋನಿನಲ್ಲಿ.