ಮತ್ತೊಮ್ಮೆ ನೋಡುವ ಪಾಠ

ಕಳೆದ ವಾರ ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಿಂದ ದೂರವಾಣಿ ಮಾಡಿದ್ದಳು. ಪದವಿ ತರಗತಿಯಲ್ಲಿ ಅವಳು ಚಲನಚಿತ್ರ ಅಧ್ಯಯನವನ್ನು ಒಂದು ವಿಷಯವಾಗಿ ಆರಿಸಿಕೊಂಡಿದ್ದಾಳೆ. “ಅಜ್ಜ, ನೂರು ವರ್ಷದ ಹಿಂದಿನ ಒಂದು ಮೂಕಿ ದೆವ್ವದ ಸಿನಿಮಾ ತೋರಿಸಿದರು. ಕ್ಲಾಸಿನಲ್ಲಿ ಎಲ್ಲರೂ ನಕ್ಕುಬಿಟ್ಟರು. ಈಗ ಅದರ ಮೇಲೆ ಪ್ರಬಂಧ ಬರೆಯಬೇಕಂತೆ. ಏನಿದೆ ಅಂತ ಬರೆಯಲಿ?” ಎಂದಳು. ಚಿತ್ರದ ಹೆಸರು ‘ನೊಸ್ಫೆರಾಟು’. “ಇನ್ನೊಂದು ಸಲ ನೋಡಿದೆಯಾ ಪುಟ್ಟಿ?” ಎಂದು ಕೇಳಿದೆ. “ಒಂದು ಸಲವೇ ಸಾಕಾಯ್ತು ಅಜ್ಜ” ಎಂದಳು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಓದುವಾಗ ನಗು ಬಂದೀತು. ಪದ್ಯವನ್ನು ಒಮ್ಮೆ ಓದಿ ಪುಸ್ತಕ ಮುಚ್ಚಿದವರನ್ನು ನಾನು ಎಬ್ಬಿಸಿ ನಿಲ್ಲಿಸುತ್ತಿದ್ದೆನಷ್ಟೆ. ಕವಿ ಏನು ಹೇಳಿದನೆಂಬುದು ಮೊದಲ ಓದಿಗೆ ಸಿಗುತ್ತದೆ. ಹೇಗೆ ಹೇಳಿದನೆಂಬುದು ಎರಡನೆಯ ಓದಿಗೆ ಮಾತ್ರ ಸಿಗುತ್ತದೆ. ಹೆದರಿಸುವ ಚಿತ್ರಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಮೊದಲ ಸಲ ನಾವು ಹೆದರಿ ಕಣ್ಣು ಮುಚ್ಚುತ್ತೇವೆ, ಇಲ್ಲವೇ ಹೆದರಿಕೆಯಾಗಲಿಲ್ಲವೆಂದು ನಗುತ್ತೇವೆ. ಎರಡರಲ್ಲಿಯೂ ಚಿತ್ರವನ್ನು ನೋಡಿದಂತಾಗಲಿಲ್ಲ.

ಚಲನಚಿತ್ರವನ್ನು ತರಗತಿಯಲ್ಲಿ ಕಲಿಸುವ ಪದ್ಧತಿಯೇ ಇಂಥ ಮರುನೋಟದಿಂದ ಬೆಳೆಯಿತು. 1919ರಲ್ಲಿ ಮಾಸ್ಕೋದಲ್ಲಿ ಜಗತ್ತಿನ ಮೊದಲ ಚಲನಚಿತ್ರ ಶಾಲೆ ಆರಂಭವಾಯಿತು. ಅಂತರ್ಯುದ್ಧದ ಕಾಲ, ಕಚ್ಚಾ ಫಿಲ್ಮ್ ದೊರೆಯುತ್ತಿರಲಿಲ್ಲ. ಆಗ ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವ್ ಎಂಬ ತರುಣ ಶಿಕ್ಷಕ ಹಳೆಯ ಚಿತ್ರಗಳನ್ನೇ ವಿದ್ಯಾರ್ಥಿಗಳೊಡನೆ ಬಿಡಿಸಿ ನೋಡಿ, ತುಣುಕುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದನು. ಅವನ ಶಿಷ್ಯ ಪುಡೋವ್ಕಿನ್ ಬರೆದಿಟ್ಟಿರುವ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಒಬ್ಬ ನಟನ ನಿರ್ಭಾವದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ, ಒಮ್ಮೆ ಆಡುತ್ತಿರುವ ಮಗುವಿನೊಡನೆ ಜೋಡಿಸಿದರು. ಮುಖ ಅದೇ, ಆದರೂ ನೋಡಿದವರಿಗೆ ಅದರಲ್ಲಿ ಹಸಿವು, ದುಃಖ, ವಾತ್ಸಲ್ಯಗಳು ಕಂಡವು. ಭಾವವಿದ್ದುದು ಮುಖದಲ್ಲಲ್ಲ, ಎರಡು ಚಿತ್ರಗಳ ನಡುವಿನ ಬೆಸುಗೆಯಲ್ಲಿ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1922ರ ‘ನೊಸ್ಫೆರಾಟು’ವಿಗೆ ಬರೋಣ. ಇದರ ನಿರ್ದೇಶಕ ಜರ್ಮನಿಯ ಎಫ್.ಡಬ್ಲ್ಯು. ಮುರ್ನೌ. ಕೋಟೆಯಲ್ಲಿ ರಕ್ತಪಿಶಾಚಿ ತನ್ನ ಅತಿಥಿಯಾದ ತರುಣನ ಮೇಲೆ ಬಾಗುತ್ತದೆ. ಅದೇ ಇರುಳು ದೂರದ ಊರಿನಲ್ಲಿ ಆತನ ಹೆಂಡತಿ ನಿದ್ದೆಯಿಂದೆದ್ದು ಕೈಚಾಚಿ ಕೂಗುತ್ತಾಳೆ. ಪಿಶಾಚಿ ತಲೆ ತಿರುಗಿಸಿ ನೋಡುತ್ತದೆ. ಅವರಿಬ್ಬರ ನಡುವೆ ಬೆಟ್ಟಗಳಿವೆ, ಕಾಡುಗಳಿವೆ; ಆದರೂ ಅವಳ ಕೂಗು ಅದಕ್ಕೆ ಕೇಳಿಸಿತೆಂದು ನಾವು ನಂಬುತ್ತೇವೆ. ಮೂಕಿ ಚಿತ್ರದಲ್ಲಿ, ಕೇವಲ ಜೋಡಣೆಯಿಂದ ಹುಟ್ಟಿದ ನಂಬಿಕೆ ಅದು. ಕೊನೆಯಲ್ಲಿ ಪಿಶಾಚಿ ಮೆಟ್ಟಿಲೇರಿ ಬರುವಾಗ ನಮಗೆ ಕಾಣುವುದು ಗೋಡೆಯ ಮೇಲಿನ ನೆರಳು ಮಾತ್ರ. ಕಾಣಿಸಿದ್ದಕ್ಕಿಂತ ಕಾಣಿಸದೆ ಉಳಿಸಿದ್ದು ಹೆಚ್ಚು ಹೆದರಿಸುತ್ತದೆಂಬುದನ್ನು ಮುರ್ನೌ ಬಲ್ಲವನಾಗಿದ್ದನು.

ಇವನ್ನೆಲ್ಲ ಇಂದು ನಾವು ನೋಡಬಲ್ಲೆವೆಂಬುದೇ ಒಂದು ಆಶ್ಚರ್ಯ. ಬ್ರಾಮ್ ಸ್ಟೋಕರನ 1897ರ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ, ಹೆಸರುಗಳನ್ನು ಬದಲಿಸಿ ಈ ಚಿತ್ರಕ್ಕೆ ಬಳಸಿಕೊಂಡಿದ್ದರು. ಸ್ಟೋಕರನ ವಿಧವೆ ಫ್ಲಾರೆನ್ಸ್ ದಾವೆ ಹೂಡಿದಳು. ಅವಳ ಕಡೆಗೂ ನ್ಯಾಯವಿತ್ತು. ಗಂಡನ ಪುಸ್ತಕವೇ ಅವಳ ಆಸ್ತಿ. ನಿರ್ಮಾಣ ಸಂಸ್ಥೆ ದಿವಾಳಿಯಾಗಿತ್ತು. 1925ರಲ್ಲಿ ಜರ್ಮನಿಯ ನ್ಯಾಯಾಲಯ ಚಿತ್ರದ ಎಲ್ಲ ಪ್ರತಿಗಳನ್ನೂ ನೆಗೆಟಿವನ್ನೂ ನಾಶಪಡಿಸಬೇಕೆಂದು ಆದೇಶಿಸಿತು. ಆದರೆ ಅಷ್ಟರಲ್ಲಿ ಕೆಲವು ಪ್ರತಿಗಳು ಬೇರೆ ದೇಶಗಳನ್ನು ಸೇರಿದ್ದವು. ಅವುಗಳಿಂದಾಗಿ ಚಿತ್ರ ಉಳಿಯಿತು. ಬಿಸಿಲು ಬಿದ್ದೊಡನೆ ರಕ್ತಪಿಶಾಚಿ ಸಾಯುತ್ತದೆಂಬ, ಇಂದು ಮಕ್ಕಳಿಗೂ ಗೊತ್ತಿರುವ ಕಲ್ಪನೆ ಬಂದದ್ದು ಈ ಚಿತ್ರದಿಂದ. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿಯೂ ತಿರುಗಾಡುತ್ತಾನೆ.

ಮರುನೋಟ ನಮ್ಮ ತಪ್ಪನ್ನೂ ತಿದ್ದುತ್ತದೆ. 1920ರ ‘ಡಾ. ಕ್ಯಾಲಿಗರಿಯ ಪೆಟ್ಟಿಗೆ’ ಎಂಬ ಇನ್ನೊಂದು ಜರ್ಮನ್ ಚಿತ್ರದಲ್ಲಿ ಇಡೀ ಕತೆಯನ್ನು ಹೇಳಿದವನು ಹುಚ್ಚನೆಂಬುದು ಕೊನೆಗೆ ಬಯಲಾಗುತ್ತದೆ. ಲೇಖಕರ ಮೂಲ ಕತೆ ಅಧಿಕಾರದ ವಿರುದ್ಧವಾಗಿತ್ತು, ಅದನ್ನು ಮೊಂಡಾಗಿಸಲು ಆಮೇಲೆ ಈ ಹೊರಕತೆಯನ್ನು ಸೇರಿಸಿದರು ಎಂದು ಸೀಗ್‌ಫ್ರೀಡ್ ಕ್ರಾಕೌಯರ್ 1947ರಲ್ಲಿ ಬರೆದನು. ತರಗತಿಗಳಲ್ಲಿ ಇದೇ ಪಾಠ ಬಹುಕಾಲ ನಡೆಯಿತು. ಆಮೇಲೆ, ನಟ ವೆರ್ನರ್ ಕ್ರೌಸ್‌ನ ಬಳಿ ಉಳಿದಿದ್ದ ಮೂಲ ಚಿತ್ರಕತೆಯ ಪ್ರತಿ ಬೆಳಕಿಗೆ ಬಂದಿತು. ಅದರಲ್ಲಿಯೂ ಹೊರಕತೆಯೊಂದಿತ್ತು; ಆದರೆ ಅಲ್ಲಿ ಕತೆ ಹೇಳುವವನು ಹುಚ್ಚನಲ್ಲ. ಹಾಗಾಗಿ ಕ್ರಾಕೌಯರನ ವಾದವನ್ನು ಪೂರ್ತಿ ಒಪ್ಪುವಂತಿಲ್ಲ, ಪೂರ್ತಿ ತಳ್ಳುವಂತೆಯೂ ಇಲ್ಲ. ಇತಿಹಾಸದ ಪಾಠ ಸಾಮಾನ್ಯವಾಗಿ ಹೀಗೆಯೇ.

ಬರ್ಲಿನ್ನಿನ ಸ್ಟುಡಿಯೋದಲ್ಲಿ ಮುರ್ನೌ ಕೆಲಸ ಮಾಡುವುದನ್ನು 1924ರಲ್ಲಿ ಕಣ್ಣಾರೆ ಕಂಡ ಇಂಗ್ಲಿಷ್ ತರುಣನೊಬ್ಬನಿದ್ದನು, ಆಲ್ಫ್ರೆಡ್ ಹಿಚ್‌ಕಾಕ್. ಅವನ 1960ರ ‘ಸೈಕೋ’ ಚಿತ್ರದ ಸ್ನಾನಗೃಹದ ಕೊಲೆಯನ್ನು ಇಂದಿಗೂ ತರಗತಿಗಳಲ್ಲಿ ಶಾಟ್ ಶಾಟಾಗಿ ಬಿಡಿಸಿ ನೋಡುತ್ತಾರೆ. ಮುಕ್ಕಾಲು ನಿಮಿಷದ ಆ ದೃಶ್ಯವನ್ನು ಚಿತ್ರೀಕರಿಸಲು ಸುಮಾರು ಒಂದು ವಾರ ಹಿಡಿಯಿತು. ರಕ್ತವೆಂದು ಹರಿದದ್ದು ಚಾಕೊಲೇಟ್ ಪಾಕ. ಚಾಕು ದೇಹಕ್ಕೆ ಇರಿದಂತೆ ನಮಗನ್ನಿಸುತ್ತದೆ. ನಿಧಾನವಾಗಿ ನೋಡಿದರೆ ಚಾಕು, ಕೈ, ಮುಖ, ನೀರು ಇವು ಬೇರೆ ಬೇರೆಯಾಗಿ ಬಂದು ಹೋಗುತ್ತವೆ. ಇರಿತವನ್ನು ಪೂರ್ಣಗೊಳಿಸುವವರು ನಾವೇ. ಅಲ್ಲಿ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ಎಣಿಸಿದ್ದನು. ಬರ್ನಾರ್ಡ್ ಹರ್ಮನ್ ರಚಿಸಿದ ತಂತಿವಾದ್ಯಗಳ ಚೀತ್ಕಾರವನ್ನು ಕೇಳಿ ಮನಸ್ಸು ಬದಲಿಸಿದನು. ಮಾಸ್ಕೋದ ತರಗತಿಯ ಪಾಠವೇ ಇಲ್ಲಿ ಬೇರೊಂದು ರೂಪ ತಾಳಿತ್ತು.

ಇಂಥ ತರಗತಿಗಳು ನಮ್ಮ ನಾಡಿಗೂ ಬಂದವು. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯಿಂದ ಪ್ರೊ. ಸತೀಶ್ ಬಹಾದ್ದೂರ್ ಮುಂತಾದವರು ಅಲ್ಲಿಗೆ ಬಂದು ಚಿತ್ರರಸಗ್ರಹಣವನ್ನು ಕಲಿಸಿದರು. ಅಡಕೆ ತೋಟದ ರೈತರೂ ಶಾಲಾ ಮಾಸ್ತರರೂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿ ಚರ್ಚಿಸಿದರು.

ಇಷ್ಟೆಲ್ಲ ಬರೆಯುವಾಗ ಒಂದು ನೋವು ನನ್ನನ್ನು ಬಿಡದೆ ಕಾಡುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ನನ್ನ ತಾಯಿ ಹುಡುಗಿಯಾಗಿದ್ದಾಗ ಅದನ್ನು ನೋಡಿದ್ದರು. ಪರದೆಯ ಮೇಲಿನವರು ಕನ್ನಡದಲ್ಲಿ ಮಾತಾಡಿದೊಡನೆ ಪಕ್ಕದಲ್ಲಿ ಕುಳಿತಿದ್ದ ನಮ್ಮಜ್ಜಿ ಕೈಮುಗಿದರಂತೆ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಅದನ್ನು ನಾಶಪಡಿಸಿರೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿಗೆ ಬೀಳುವಂಥದು, ತಾನಾಗಿಯೇ ಕೊಳೆಯುವಂಥದು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಮೂವತ್ತು ವರ್ಷಗಳ ನಂತರ. ಸುಡಬೇಕೆಂದು ಆಜ್ಞೆಯಾದ ಚಿತ್ರ ಉಳಿಯಿತು. ಯಾರೂ ಬೇಡವೆನ್ನದ ನಮ್ಮ ಚಿತ್ರ ಅಳಿಯಿತು. ನನ್ನ ಪಾಲಿಗೆ ಉಳಿದಿರುವುದು ಅಜ್ಜಿ ಕೈಮುಗಿದರೆಂಬ ಒಂದು ಮಾತು ಮಾತ್ರ.

ಮೊನ್ನೆ ಭಾನುವಾರ ಮೊಮ್ಮಗಳು ಮತ್ತೆ ಕರೆ ಮಾಡಿದಳು. “ಅಜ್ಜ, ಇನ್ನೊಂದು ಸಲ ನೋಡಿದೆ. ಅವಳು ಕೂಗಿದಾಗ ಅದು ತಿರುಗಿ ನೋಡುತ್ತದಲ್ಲ, ಅಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಈ ಸಲ ನಗು ಬರಲಿಲ್ಲ” ಎಂದಳು. ಪ್ರಬಂಧ ಅಲ್ಲಿಂದಲೇ ಆರಂಭವಾಗಲಿ ಎಂದೆ. ನಿಮ್ಮ ಮನೆಗಳ ಅಟ್ಟದಲ್ಲಿ ಹಳೆಯ ರೀಲುಗಳೋ ಮದುವೆಯ ಟೇಪುಗಳೋ ಇದ್ದರೆ, ಈ ರಜೆಯಲ್ಲಿ ಒಮ್ಮೆ ಇಳಿಸಿ ನೋಡಿರಿ.